ಬೇರೆ ಲೋಟ



‘ದಿನನಿತ್ಯದ ಬದುಕಿನಲ್ಲಿ ವಿಶ್ವಾಸವನ್ನು ಹಂಚಿಕೊಳ್ಳುವುದು ಹೇಗೆ’ ಎಂಬ ವಿಷಯವಾಗಿ ತಮ್ಮ ಧರ್ಮಕೇಂದ್ರದ ಯುವಜನರ ಕೂಟದಲ್ಲಿ ಮಾತನಾಡಬೇಕಾಗಿದೆ, ನಾಲ್ಕು ಅಂಶಗಳನ್ನು ಬರೆದುಕೊಡಿ ದೊಡ್ಡಪ್ಪ ಎಂದು ನಮ್ಮ ಬಂಧುಗಳ ಮಗಳೊಬ್ಬಳು ಕೇಳಿದಳು. ತಾನೇ ಮಾಡಿಕೊಂಡಿದ್ದ ಪಟ್ಟಿಯನ್ನೂ ತೋರಿಸಿದಳು. ಪ್ರತಿದಿನ ಬೆಳಿಗ್ಗೆ ವಾಟ್ಸಾಪಿನಲ್ಲಿ ಬೈಬಲ್ ವಾಕ್ಯವೊಂದನ್ನು ಕಳುಹಿಸುವುದು, ಕಾರಿನಲ್ಲಿ ಜಪಸರ ತೂಗುಹಾಕುವುದು, ಹೋಟೆಲಿನಲ್ಲಿ ಊಟಕ್ಕೆ ಕುಳಿತಾಗ ಸಂಕೋಚಪಡದೆ ಶಿಲುಬೆಯ ಗುರುತು ಹಾಕಿಕೊಳ್ಳುವುದು, ಕ್ರಿಸ್ಮಸ್‌ಗೆ ಅಕ್ಕಪಕ್ಕದ ಮನೆಗಳಿಗೆ ಕೇಕು ಹಂಚುವುದು, ಹೀಗೆ ಸಾಗಿತ್ತು ಆ ಪಟ್ಟಿ.

ಇವುಗಳಲ್ಲಿ ಯಾವುದೂ ಕೆಟ್ಟದ್ದಲ್ಲ. ಆದರೆ ಪಟ್ಟಿಯನ್ನು ಓದಿ ಮುಗಿಸಿದಾಗ ನನಗೆ ಹೊಳೆದದ್ದು ಒಂದೇ ಮಾತು. ಇವೆಲ್ಲವೂ ಗೇಟಿನ ಹೊರಗಿರುವವರಿಗೆ ತೋರಿಸುವ ವಿಶ್ವಾಸ. ಗೇಟು ತೆರೆದು ದಿನವೂ ನಮ್ಮ ಮನೆಯ ಒಳಕ್ಕೇ ಬರುವ ಒಬ್ಬಳಿದ್ದಾಳೆ. ಅವಳ ಹೆಸರು ಆ ಪಟ್ಟಿಯಲ್ಲಿ ಎಲ್ಲಿಯೂ ಇರಲಿಲ್ಲ. ನಮ್ಮ ಪಾತ್ರೆ ತೊಳೆಯುವವಳು, ನೆಲ ಒರೆಸುವವಳು, ಹಾಸಿಗೆ ಹಿಡಿದ ನಮ್ಮ ಹಿರಿಯರನ್ನು ಮಗ್ಗುಲು ಮಾಡಿಸುವವಳು. ನಾವು ಪ್ರಾರ್ಥನೆ ಮಾಡುವುದನ್ನೂ ಅವಳು ಕಂಡಿದ್ದಾಳೆ, ಪ್ರಾರ್ಥನೆ ಮುಗಿಸಿ ಎದ್ದ ಮೇಲೆ ಆಡುವ ಮಾತುಗಳನ್ನೂ ಕೇಳಿದ್ದಾಳೆ. ಗುರುಗಳಿಗಿಂತ, ಧರ್ಮಾಧ್ಯಕ್ಷರಿಗಿಂತ ನಮ್ಮ ವಿಶ್ವಾಸವನ್ನು ಬಲ್ಲವಳು ಅವಳೇ.

ಆಕೆಗೆ ನಾವು ಕಾಫಿ ಕೊಡುವುದು ಯಾವ ಲೋಟದಲ್ಲಿ? ಈ ಲೇಖನದ ವಿಷಯ ಇಷ್ಟೇ.

ಕ್ರೈಸ್ತರ ಮನೆಗಳಲ್ಲಿ, ಅದರಲ್ಲಿಯೂ ಭಾನುವಾರ ಬಲಿಪೂಜೆ ತಪ್ಪಿಸದ ಕಥೋಲಿಕರ ಮನೆಗಳಲ್ಲಿ, ಅಡುಗೆಮನೆಯ ಕಿಟಕಿಯ ಅಂಚಿನಲ್ಲಿಯೋ ಹಿತ್ತಿಲ ಬಚ್ಚಲಿನ ಗೂಡಿನಲ್ಲಿಯೋ ಬೋರಲು ಹಾಕಿದ ಒಂದು ಸ್ಟೀಲ್ ಲೋಟ ಮತ್ತು ಒಂದು ತಟ್ಟೆಯನ್ನು ನಾನು ಎಷ್ಟೋ ಕಡೆ ಕಂಡಿದ್ದೇನೆ. ಎಲ್ಲರ ಮನೆಯಲ್ಲಿಯೂ ಇದೆಯೆಂದು ಹೇಳಲಾರೆ. ಆದರೆ ಯಾರ ಮನೆಯಲ್ಲಿಯೂ ಇಲ್ಲವೆಂದು ಎದೆಮುಟ್ಟಿ ಹೇಳುವ ಬಂಧು ಒಬ್ಬರಿದ್ದರೆ ಮುಂದೆ ಬರಲಿ. ಗೋಡೆಯ ಮೇಲೆ ಕಡೆಯ ಭೋಜನದ ಚಿತ್ರಪಟ, ಕಿಟಕಿಯಲ್ಲಿ ಬೇರೆ ಲೋಟ. ಇವೆರಡೂ ಒಂದೇ ಸೂರಿನಡಿ ಹೇಗೆ ಇರಬಲ್ಲವು ಎಂಬುದು ನನ್ನ ಪ್ರಶ್ನೆ.

ಕ್ರೈಸ್ತರಲ್ಲದ ನನ್ನ ವಿದ್ಯಾರ್ಥಿಗಳ ಸಲುವಾಗಿ ಎರಡು ಮಾತು ವಿವರಿಸಬೇಕು. ನಮ್ಮ ಆರಾಧನೆಯ ಕೇಂದ್ರವಾದ ಬಲಿಪೂಜೆಯು ಮೂಲತಃ ಒಂದು ಊಟ. ಯೇಸುಸ್ವಾಮಿಯವರು ಮರಣದ ಹಿಂದಿನ ರಾತ್ರಿ ಶಿಷ್ಯರೊಡನೆ ಕುಳಿತು, ರೊಟ್ಟಿಯನ್ನು ಮುರಿದು, ಅದು ತಮ್ಮ ಶರೀರವೆಂದು ಹೇಳಿ ಎಲ್ಲರಿಗೂ ಕೊಟ್ಟರು. ಅದನ್ನೇ ನಾವು ಪರಮಪ್ರಸಾದವೆಂದು ಸ್ವೀಕರಿಸುತ್ತೇವೆ. ಜಿಲ್ಲಾಧಿಕಾರಿಯಾಗಲಿ, ಜಾಡಮಾಲಿಯಾಗಲಿ, ಒಂದೇ ಸಾಲಿನಲ್ಲಿ ನಿಂತು ಒಂದೇ ಪಾತ್ರೆಯಿಂದ ಪಡೆಯಬೇಕು. ಪರಮಪ್ರಸಾದಕ್ಕೆ ಬೇರೆ ತಟ್ಟೆಯಿಲ್ಲ. ಹಾಗಿದ್ದ ಮೇಲೆ ಕಥೋಲಿಕನಿಗೆ ‘ವಿಶ್ವಾಸವನ್ನು ಹಂಚಿಕೊಳ್ಳುವುದು’ ಎಂದರೆ ಮೊದಲ ಅರ್ಥವೇ ರೊಟ್ಟಿಯನ್ನು ಹಂಚಿಕೊಳ್ಳುವುದು. ಉಪದೇಶ, ಪ್ರಚಾರ, ಸಂದೇಶಗಳೆಲ್ಲ ಆಮೇಲಿನ ಮಾತು.

ಇದು ನನ್ನ ಸ್ವಂತ ವ್ಯಾಖ್ಯಾನವಲ್ಲ. ಸಂತ ಪೌಲರು ಕೊರಿಂಥದ ಸಭೆಗೆ ಬರೆದ ಮೊದಲನೆಯ ಪತ್ರದ 11ನೆಯ ಅಧ್ಯಾಯವನ್ನು ತೆರೆದು ನೋಡಿ. ಅಲ್ಲಿನ ಅನುಕೂಲಸ್ಥರು ಪ್ರಭುವಿನ ಭೋಜನಕ್ಕೆಂದು ಸೇರಿ, ತಾವು ತಂದದ್ದನ್ನು ತಾವೇ ಮೊದಲು ತಿಂದು ಕುಡಿದು ಮುಗಿಸುತ್ತಿದ್ದರು. ಬಡವರು ಹಸಿದುಕೊಂಡೇ ಇರುತ್ತಿದ್ದರು. ಪೌಲರು ಸಿಟ್ಟಾದರು. ನೀವು ತಿನ್ನುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಖಂಡಿಸಿದರು. ಮಂತ್ರದಲ್ಲಿ ಲೋಪವಿತ್ತೆಂದು ಅವರು ಹೇಳಲಿಲ್ಲ, ಹಾಡಿನ ರಾಗ ತಪ್ಪಿತೆಂದು ಹೇಳಲಿಲ್ಲ. ಪಂಕ್ತಿಭೇದವೇ ಪೂಜೆಯನ್ನು ಕೆಡಿಸಿತು ಎಂದರು. ಈ ಪತ್ರಕ್ಕೆ ಸುಮಾರು ಎರಡು ಸಾವಿರ ವರ್ಷಗಳ ವಯಸ್ಸು. ನಾಲ್ಕನೆಯ ಶತಮಾನದ ಸಂತ ಜಾನ್ ಕ್ರಿಸೊಸ್ತೊಮರು ಮತ್ತಾಯನ ಶುಭಸಂದೇಶದ ಮೇಲೆ ಪ್ರಬೋಧನೆ ಮಾಡುವಾಗ ಇದನ್ನೇ ಇನ್ನೊಂದು ರೀತಿಯಲ್ಲಿ ಹೇಳಿದರು: ದೇವಾಲಯದೊಳಗೆ ಕ್ರಿಸ್ತನಿಗೆ ರೇಷ್ಮೆ ಹೊದಿಸಿ, ಹೊರಗೆ ಚಳಿಯಲ್ಲಿ ಬೆತ್ತಲೆ ನಿಂತ ಕ್ರಿಸ್ತನನ್ನು ಕಡೆಗಣಿಸಬೇಡಿ ಎಂಬುದು ಅವರ ಮಾತಿನ ಸಾರ. ನಮ್ಮ ಊರುಗಳಲ್ಲಿ ತೇರಿನ ಅಲಂಕಾರಕ್ಕೆ ಆಗುವ ಹೂವಿನ ಖರ್ಚನ್ನು ಬಲ್ಲವರಿಗೆ ಈ ಮಾತಿನ ಬಿಸಿ ತಟ್ಟಬೇಕು.

ಇನ್ನು ನನಗೆ ಬರುವ ಉತ್ತರಗಳನ್ನು ಒಂದೊಂದಾಗಿ ತೆಗೆದುಕೊಳ್ಳುತ್ತೇನೆ.

‘ಜಾತಿಯ ಪ್ರಶ್ನೆಯಲ್ಲ, ಶುಚಿತ್ವದ ಪ್ರಶ್ನೆ’ ಎನ್ನುವವರು ಹಲವರು. ಒಳ್ಳೆಯದು. ಆದರೆ ಮನೆಯ ಅಷ್ಟೂ ಪಾತ್ರೆಗಳನ್ನು ತೊಳೆದು ಶುಚಿಗೊಳಿಸುವವಳು ಅವಳೇ ಅಲ್ಲವೇ? ಅವಳ ಕೈ ತೊಳೆದ ತಟ್ಟೆಯಲ್ಲಿ ನಾವು ಉಣ್ಣಬಹುದು, ಅವಳ ತುಟಿ ಸೋಕಿದ ಲೋಟವನ್ನು ಅದೇ ಕೈ ತೊಳೆದರೆ ಮಾತ್ರ ಶುಚಿಯಾಗುವುದಿಲ್ಲ! ಇದು ಆರೋಗ್ಯಶಾಸ್ತ್ರದ ಯಾವ ಪಾಠ? ನೆಂಟರು ಬಂದಾಗ ಕೆಮ್ಮುವವರಿಗೂ ನೆಗಡಿಯಾದವರಿಗೂ ಬೆಳ್ಳಿ ಲೋಟ ಕೊಡುವ ನಾವು ಇವಳೊಬ್ಬಳ ವಿಷಯದಲ್ಲಿ ಮಾತ್ರ ವೈದ್ಯರಾಗುತ್ತೇವೆ.

‘ಅವಳಿಗೇ ಸಂಕೋಚ, ಕುರ್ಚಿ ಕೊಟ್ಟರೂ ಕೂರುವುದಿಲ್ಲ’ ಎನ್ನುವವರು ಇನ್ನು ಕೆಲವರು. ನಿಜವಿರಬಹುದು. ಹತ್ತು ಮನೆಯವರು ನೆಲ ತೋರಿಸಿದ ಮೇಲೆ ಹನ್ನೊಂದನೆಯ ಮನೆಯ ಕುರ್ಚಿಯನ್ನು ಆಕೆ ನಂಬುವುದಾದರೂ ಹೇಗೆ? ನನ್ನ ತರಗತಿಯಲ್ಲಿ ಕಡೆಯ ಬೆಂಚಿಗೆ ತಾವಾಗಿಯೇ ಹೋಗಿ ಕೂರುತ್ತಿದ್ದ ಮಕ್ಕಳಿದ್ದರು. ಅವರಿಗೆ ಕಡೆಯ ಬೆಂಚು ಇಷ್ಟವೆಂದು ತೀರ್ಮಾನಿಸುವ ಮೇಷ್ಟ್ರು ಮೇಷ್ಟ್ರೇ ಅಲ್ಲ. ಒಂದು ಸಾರಿ ಕರೆದರೆ ಬರುವುದಿಲ್ಲ, ನಾಲ್ಕು ಸಾರಿ ಕರೆಯಬೇಕಾಗುತ್ತದೆ.

‘ಎಲ್ಲರ ಮನೆಯಲ್ಲಿಯೂ ಇರುವ ಪದ್ಧತಿ, ನಾವೊಬ್ಬರೇ ಏಕೆ ಬದಲಾಗಬೇಕು’ ಎಂಬುದು ಮೂರನೆಯ ಉತ್ತರ. ಎಲ್ಲರಂತೆಯೇ ಇರುವುದಾದರೆ ಹಂಚಿಕೊಳ್ಳುವುದಕ್ಕೆ ನಮ್ಮ ಬಳಿ ಇರುವುದಾದರೂ ಏನು? ಹತ್ತನೆಯ ತರಗತಿಯ ಮಕ್ಕಳಿಗೆ ಸಂವಿಧಾನದ 17ನೆಯ ವಿಧಿಯನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ; ಅಸ್ಪೃಶ್ಯತೆಯ ಆಚರಣೆ ಯಾವುದೇ ರೂಪದಲ್ಲಿದ್ದರೂ ನಿಷಿದ್ಧ ಎಂಬುದನ್ನು ನೀವೆಲ್ಲರೂ ಬಾಯಿಪಾಠ ಮಾಡಿದ್ದೀರಿ. ಪರೀಕ್ಷೆಯಲ್ಲಿ ಅಂಕ ಪಡೆದ ಆ ಉತ್ತರ ಅಡುಗೆಮನೆಯ ಕಿಟಕಿಯವರೆಗೆ ಬರಲಿಲ್ಲವೆಂದರೆ, ಶುಭಸಂದೇಶ ಹೇಗೆ ಬಂದೀತು?

ಲೋಟದ ಮಾತಾದ ಮೇಲೆ ಸಂಬಳದ ಮಾತು. ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂಬುದು ಬೈಬಲಿನ ಧರ್ಮೋಪದೇಶಕಾಂಡದ 24ನೆಯ ಅಧ್ಯಾಯದಲ್ಲಿರುವ ಆಜ್ಞೆ. ತಡೆಹಿಡಿದ ಕೂಲಿ ತಾನೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಮುಟ್ಟುತ್ತದೆ ಎಂದು ಸಂತ ಯಕೋಬರ ಪತ್ರದ 5ನೆಯ ಅಧ್ಯಾಯ ಎಚ್ಚರಿಸುತ್ತದೆ. ಕೆಲಸಗಾರರಿಗೆ ನ್ಯಾಯವಾದ ಕೂಲಿಯನ್ನು ವಂಚಿಸುವುದು ಸ್ವರ್ಗಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದು. ಕೊಲೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದೆ ನಮ್ಮ ಧರ್ಮಸಭೆ. 1891ರಲ್ಲಿ ಪೋಪ್ 13ನೆಯ ಲಿಯೋ ಅವರು ‘ರೇರುಮ್ ನೊವಾರುಮ್’ ಎಂಬ ವಿಶ್ವಪರಿಪತ್ರದಲ್ಲಿ, ಕೂಲಿಯೆಂಬುದು ಕೇವಲ ಇಬ್ಬರ ನಡುವಣ ಒಪ್ಪಂದವಲ್ಲ, ದುಡಿಯುವವನ ಮಿತವಾದ ಜೀವನಕ್ಕೆ ಸಾಲುವಷ್ಟಿರಬೇಕೆಂಬುದು ಒಪ್ಪಂದಕ್ಕಿಂತ ಹಿರಿದಾದ ನ್ಯಾಯ ಎಂದು ಸಾರಿದರು. 2025ರ ಮೇ ತಿಂಗಳಲ್ಲಿ ಹೊಸ ಪೋಪ್ ಅವರು 14ನೆಯ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ, ಆ ಹಳೆಯ ಪರಿಪತ್ರವನ್ನು ನೆನೆದೇ ಆರಿಸಿಕೊಂಡೆನೆಂದು ತಾವೇ ಹೇಳಿದರು. ಆ ದಿನ ನಮ್ಮ ಬಂಧುಗಳ ಗುಂಪಿನಲ್ಲಿ ಅಭಿನಂದನೆಯ ಚಿತ್ರಗಳು ಎಷ್ಟು ಹರಿದಾಡಿದವು! ಮರುದಿನ ಮನೆಕೆಲಸದವಳ ಸಂಬಳವನ್ನು ಕುರಿತು ಯಾರಾದರೂ ಯೋಚಿಸಿದರೇ?

ಮನೆಕೆಲಸವನ್ನು ‘ಕೆಲಸ’ವೆಂದು ಗುರುತಿಸಲು ಈ ದೇಶದಲ್ಲಿ ಹೋರಾಡಿದವರ ಸಾಲಿನಲ್ಲಿ ಒಬ್ಬ ಕಥೋಲಿಕ ಕನ್ಯಾಸ್ತ್ರೀಯೇ ಇದ್ದಾರೆ. ಬೆಲ್ಜಿಯಂನಿಂದ ಬಂದ ಸಿಸ್ಟರ್ ಜೀನ್ ದೆವೋಸ್ ಅವರು 1985ರಲ್ಲಿ ರಾಷ್ಟ್ರೀಯ ಗೃಹಕಾರ್ಮಿಕರ ಚಳವಳಿಯನ್ನು ಆರಂಭಿಸಿದರು. ಕರ್ನಾಟಕ ಸರ್ಕಾರ ಮನೆಕೆಲಸದವರಿಗೆ ಕನಿಷ್ಠ ವೇತನವನ್ನು ಗೊತ್ತುಪಡಿಸಿದ್ದು 2004ರಲ್ಲಿ; ಈ ವಿಷಯದಲ್ಲಿ ನಮ್ಮ ರಾಜ್ಯ ಉಳಿದ ರಾಜ್ಯಗಳಿಗಿಂತ ಮುಂದಿತ್ತು. ಆದರೂ ಸರ್ಕಾರ ಗೊತ್ತುಪಡಿಸಿದ ದರ ಎಷ್ಟೆಂದು ವಿಚಾರಿಸಿ ಸಂಬಳ ನಿಗದಿಮಾಡಿದ ಮನೆಯೊಂದನ್ನು ನಾನು ಕಂಡಿಲ್ಲ. ‘ಪಕ್ಕದ ಮನೆಯವರು ಎಷ್ಟು ಕೊಡುತ್ತಾರೆ’ ಎಂಬುದೇ ನಮ್ಮೆಲ್ಲರ ಧರ್ಮಶಾಸ್ತ್ರ.

ಭಾನುವಾರದ ವಿಷಯ ಇದಕ್ಕಿಂತಲೂ ವಿಚಿತ್ರ. ಭಾನುವಾರ ಪ್ರಭುವಿನ ದಿನ, ಅಂದು ಪೂಜೆಗೆ ಹೋಗಬೇಕು, ಅನಗತ್ಯ ದುಡಿಮೆಯಿಂದ ದೂರವಿರಬೇಕು ಎಂಬುದು ಧರ್ಮಸಭೆಯ ನಿಯಮ. ನಾವು ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ದೇವಾಲಯಕ್ಕೆ ಹೋಗುತ್ತೇವೆ. ಅಂದು ಮನೆಯಲ್ಲಿ ಬಿರಿಯಾನಿ, ನೆಂಟರು, ಎರಡರಷ್ಟು ಪಾತ್ರೆ. ಆದ್ದರಿಂದ ‘ಭಾನುವಾರ ಮಾತ್ರ ತಪ್ಪಿಸಬೇಡಮ್ಮಾ’ ಎಂದು ಕೆಲಸದವಳಿಗೆ ತಾಕೀತು! ದಶಾಜ್ಞೆಗಳಲ್ಲಿ ವಿಶ್ರಾಂತಿಯ ಆಜ್ಞೆಯನ್ನು ವಿಮೋಚನಕಾಂಡದಲ್ಲಿ ಪೂರ್ತಿಯಾಗಿ ಓದಿದವರಿಗೆ ತಿಳಿಯುತ್ತದೆ: ಆ ವಿಶ್ರಾಂತಿ ನಿನಗೆ ಮಾತ್ರವಲ್ಲ, ನಿನ್ನ ಮನೆಯ ಆಳಿಗೂ, ನಿನ್ನ ದನಕರುಗಳಿಗೂ, ನಿನ್ನೂರಿನಲ್ಲಿರುವ ಪರದೇಶಿಗೂ ಸಲ್ಲಬೇಕಾದದ್ದು. ನಮ್ಮ ವಿಶ್ರಾಂತಿಯ ಆಜ್ಞೆಯನ್ನು ಮತ್ತೊಬ್ಬಳ ಬೆನ್ನಿನ ಮೇಲೆ ಪಾಲಿಸುವುದು ಆಜ್ಞೆಯ ಪಾಲನೆಯಲ್ಲ, ಉಲ್ಲಂಘನೆ.

ಇಲ್ಲಿಯವರೆಗೆ ತಲೆಯಾಡಿಸುತ್ತ ಓದಿದ ಬಂಧುಗಳು ಇನ್ನು ಮುಂದೆ ಹುಬ್ಬು ಗಂಟಿಕ್ಕಬಹುದು. ಏಕೆಂದರೆ ಲೋಟದ ಬೇರು ಮದುವೆಯ ಮಾತುಕತೆಯಲ್ಲಿದೆ.

ನಮ್ಮಲ್ಲಿ ಜಾತಿಯಿಲ್ಲ ಎಂದು ಪ್ರಬೋಧನೆಯಲ್ಲಿ ಕೇಳುತ್ತೇವೆ. ಗಂಡು ಹೆಣ್ಣು ನೋಡುವ ಕಾಲ ಬಂದಾಗ ‘ಯಾವ ಕಡೆಯವರು’, ‘ಮೂಲ ಯಾವುದು’ ಎಂಬ ಪಿಸುಮಾತು ಆರಂಭವಾಗುತ್ತದೆ. ಗೋವೆಯಿಂದ ಕರಾವಳಿಗೆ ಬಂದ ಕೊಂಕಣಿ ಕಥೋಲಿಕರಲ್ಲಿ ಬಾಮೊಣ್, ಚಾರಡಿ ಎಂಬ ಪಂಗಡಗಳ ನೆನಪು ಮತಾಂತರವಾಗಿ ಶತಮಾನಗಳು ಕಳೆದರೂ ಅಳಿದಿಲ್ಲ. ಘಟ್ಟದ ಮೇಲಿನ ನಮ್ಮ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಜ್ಞಾನಸ್ನಾನದ ನೀರು ಹಣೆಯ ಮೇಲೆ ಬಿದ್ದ ಕೂಡಲೇ ಹಿಂದಿನದೆಲ್ಲ ತೊಳೆದುಹೋಯಿತೆಂದು ಕಲಿಸುವ ನಾವು, ಸಂಬಂಧ ಬೆಳೆಸುವಾಗ ಆ ನೀರನ್ನು ನಂಬುವುದಿಲ್ಲ.

ಇತಿಹಾಸದ ಒಂದು ಪ್ರಸಂಗವನ್ನು ಇಲ್ಲಿ ಹೇಳಲೇಬೇಕು. ತಿರುವಾಂಕೂರಿನ ದೊರೆ ಮಾರ್ತಾಂಡವರ್ಮನ ಆಸ್ಥಾನದಲ್ಲಿ ನೀಲಕಂಠನ್ ಪಿಳ್ಳೈ ಎಂಬ ಅಧಿಕಾರಿಯಿದ್ದರು. ಡಚ್ ಸೇನಾನಿ ದೆ ಲನಾಯ್ ಅವರ ಸ್ನೇಹದಿಂದ ಕ್ರೈಸ್ತ ವಿಶ್ವಾಸವನ್ನು ಅರಿತು, 1745ರಲ್ಲಿ ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳಂನಲ್ಲಿ ಜ್ಞಾನಸ್ನಾನ ಪಡೆದು ದೇವಸಹಾಯಂ ಎಂಬ ಹೆಸರನ್ನು ತಳೆದರು. ಗುರುವಲ್ಲ, ಸನ್ಯಾಸಿಯಲ್ಲ, ಹೆಂಡತಿಯೊಡನೆ ಬಾಳಿದ ಗೃಹಸ್ಥ. ಜಾತಿಯ ಕಟ್ಟನ್ನು ಲೆಕ್ಕಿಸದೆ ಎಲ್ಲರೂ ಸಮಾನರೆಂದು ಸಾರಿ, ಎಲ್ಲರೊಡನೆ ಬೆರೆತರು. ಮೇಲ್ಜಾತಿಯವರ ಸಿಟ್ಟಿಗೆ ಇದೂ ಒಂದು ಕಾರಣವಾಯಿತು. ಸೆರೆಮನೆ, ಚಿತ್ರಹಿಂಸೆಗಳ ನಂತರ 1752ರಲ್ಲಿ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್ ಅವರು ದೇವಸಹಾಯಂ ಅವರನ್ನು ಸಂತರೆಂದು ಘೋಷಿಸಿದರು. ಆ ಹೊತ್ತಿಗೆ ಅವರ ಹೆಸರಿನ ಜೊತೆಗಿದ್ದ ‘ಪಿಳ್ಳೈ’ ಎಂಬ ಜಾತಿಸೂಚಕವನ್ನೂ ಕೈಬಿಡಲಾಯಿತು.

ಇನ್ನು ಅವರು ಜ್ಞಾನಸ್ನಾನ ಪಡೆದ ಆ ವಡಕ್ಕನ್‌ಕುಳಂನ ಕಥೆ ಕೇಳಿ. 19ನೆಯ ಶತಮಾನದಲ್ಲಿ ಅಲ್ಲಿ ಕಟ್ಟಿದ ದೇವಾಲಯಕ್ಕೆ ಎರಡು ಅಂಕಣಗಳು, ನಡುವೆ ಗೋಡೆ. ಒಂದೇ ಬಲಿಪೀಠ, ಆದರೆ ಜಾತಿ ಜಾತಿಯವರು ಒಬ್ಬರ ಮುಖ ಒಬ್ಬರು ನೋಡದಂತೆ ನಿಂತು ಪೂಜೆ ಕೇಳುವ ವ್ಯವಸ್ಥೆ. ಆ ಗೋಡೆಯನ್ನು ಕೆಡವಿದ್ದು 1910ರಲ್ಲಿ. ಜಾತಿಯನ್ನು ಧಿಕ್ಕರಿಸಿದ ಹುತಾತ್ಮನ ವಿಶ್ವಾಸ ಮೊಳೆತ ಊರಿನಲ್ಲಿಯೇ ಆತನ ವಿಶ್ವಾಸಕ್ಕೆ ಗೋಡೆ ಎದ್ದಿತು. ಇಟ್ಟಿಗೆಯ ಗೋಡೆ ಬಿದ್ದು ನೂರು ವರ್ಷಗಳ ಮೇಲಾಯಿತು. ನಮ್ಮ ಮನೆಗಳಲ್ಲಿ ಅದು ಲೋಟದ ಗಾತ್ರಕ್ಕೆ ಇಳಿದು ಕುಳಿತಿದೆ.

ಧರ್ಮಸಭೆಯ ಹಿರಿಯರು ಈ ಬಗ್ಗೆ ಸುಮ್ಮನಿಲ್ಲ. 2003ರ ನವೆಂಬರಿನಲ್ಲಿ ಪೋಪ್ 2ನೆಯ ಜಾನ್ ಪಾಲ್ ಅವರು ತಮಿಳುನಾಡಿನ ಧರ್ಮಾಧ್ಯಕ್ಷರೊಡನೆ ಮಾತನಾಡುತ್ತ, ಕ್ರೈಸ್ತರ ನಡುವೆ ಜಾತಿಭೇದದ ಛಾಯೆಯೂ ಇರಬಾರದೆಂದು ಖಂಡಿತವಾಗಿ ಹೇಳಿದರು. 2016ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ ದಲಿತರ ಸಬಲೀಕರಣದ ನೀತಿಯೊಂದನ್ನು ಪ್ರಕಟಿಸಿ, ಧರ್ಮಸಭೆಯೊಳಗೇ ಅಸ್ಪೃಶ್ಯತೆ, ತಾರತಮ್ಯಗಳಿವೆ ಎಂಬುದನ್ನು ಒಪ್ಪಿಕೊಂಡಿತು. 1950ರ ರಾಷ್ಟ್ರಪತಿಗಳ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿ, 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿ, ದಲಿತ ಕ್ರೈಸ್ತರನ್ನು ಹೊರಗಿಟ್ಟದ್ದರ ವಿರುದ್ಧ ನಮ್ಮವರು ನಡೆಸುತ್ತ ಬಂದಿರುವ ಹೋರಾಟ ನ್ಯಾಯವಾದದ್ದೇ. ಆದರೆ ಯೋಚಿಸಿ. ದೆಹಲಿಯಲ್ಲಿ ‘ಕ್ರೈಸ್ತನಾದರೂ ದಲಿತನ ಸಂಕಟ ತಪ್ಪಿಲ್ಲ’ ಎಂದು ವಾದಿಸುವ ನಾವು, ಆ ಸಂಕಟದಲ್ಲಿ ನಮ್ಮ ಪಾಲೆಷ್ಟು ಎಂಬ ಪ್ರಶ್ನೆಯನ್ನು ಊರಿನಲ್ಲಿ ಎತ್ತುವುದಿಲ್ಲ. ಸರ್ಕಾರ ಕೊಡಬೇಕಾದ ನ್ಯಾಯಕ್ಕೆ ಅರ್ಜಿ, ನಾವು ಕೊಡಬೇಕಾದ ನ್ಯಾಯಕ್ಕೆ ಮೌನ.

‘ಮೇಷ್ಟ್ರೇ, ಇದು ಸಮಾಜಸುಧಾರಣೆಯ ಮಾತಾಯಿತು, ವಿಶ್ವಾಸದ ಮಾತೆಲ್ಲಿ’ ಎಂದು ಭಕ್ತರಾದ ಬಂಧುಗಳು ಕೇಳಬಹುದು. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಕಡೆಯ ದಿನದ ತೀರ್ಪಿನ ವರ್ಣನೆಯಿದೆ. ಅಲ್ಲಿ ನ್ಯಾಯಾಧಿಪತಿ ಎಷ್ಟು ನವೇನ ಮಾಡಿದಿರಿ, ಎಷ್ಟು ಸಂದೇಶ ಕಳುಹಿಸಿದಿರಿ ಎಂದು ಕೇಳುವುದಿಲ್ಲ. ಹಸಿದಿದ್ದೆ, ಊಟ ಕೊಟ್ಟಿರಾ. ಬಾಯಾರಿದ್ದೆ, ಕುಡಿಯಲು ಕೊಟ್ಟಿರಾ ಎಂಬುದೇ ಪ್ರಶ್ನಪತ್ರಿಕೆ. ಪ್ರಶ್ನಪತ್ರಿಕೆಯನ್ನು ಮೊದಲೇ ಬಹಿರಂಗಪಡಿಸಿದ ಪರೀಕ್ಷೆ ಇದೊಂದೇ ಇರಬೇಕು. ಆದರೂ ನಾವು ಬೇರೆ ಪಾಠಗಳನ್ನೇ ಓದುತ್ತಿದ್ದೇವೆ. ಕುಡಿಯಲು ಕೊಟ್ಟ ಲೋಟ ಯಾವುದೆಂದು ಆತ ನೋಡದೆ ಬಿಟ್ಟಾನೆಯೇ? ಹಾಗೆಂದು ಜಪಸರ ಬೇಡ, ನವೇನ ಬೇಡ ಎಂದು ನಾನು ಹೇಳುತ್ತಿಲ್ಲ. ಸಂಜೆ ಮನೆಯವರೆಲ್ಲ ಮೊಣಕಾಲೂರಿ ಜಪಸರ ಹೇಳುವ ಮನೆಯಲ್ಲಿಯೇ ನಾನೂ ಬೆಳೆದವನು, ಇಂದಿಗೂ ಹೇಳುವವನು. ಪ್ರಾರ್ಥನೆ ಬೇರು, ಊಟದ ಪಂಕ್ತಿ ಹಣ್ಣು. ಹಣ್ಣಿಲ್ಲದ ಅಂಜೂರದ ಮರಕ್ಕೆ ಏನಾಯಿತೆಂಬುದು ಶುಭಸಂದೇಶದಲ್ಲಿಯೇ ಇದೆ.

ಅನ್ಯಧರ್ಮದ ನನ್ನ ವಿದ್ಯಾರ್ಥಿಗಳಿಗೂ ಒಂದು ಮಾತು. ಹಂಚಿಕೊಳ್ಳುವುದೆಂದರೆ ನಿಮ್ಮನ್ನು ನಮ್ಮ ಕಡೆಗೆ ಸೆಳೆಯುವ ಉಪಾಯವೆಂದು ಕೆಲವರು ಶಂಕಿಸುತ್ತಾರೆ. ಈ ಲೇಖನವನ್ನು ಓದಿದ ನಿಮಗೆ, ಅದು ಮೊದಲು ನಮ್ಮನ್ನೇ ತಿದ್ದುವ ಕೆಲಸ ಎಂಬುದು ಅರ್ಥವಾಗಿರಬೇಕು. 12ನೆಯ ಶತಮಾನದ ಕಲ್ಯಾಣದಲ್ಲಿ ಶರಣ ಹರಳಯ್ಯನ ಮಗನಿಗೂ ಮಧುವರಸನ ಮಗಳಿಗೂ ನಡೆದ ಮದುವೆಯ ಕಥೆಯನ್ನು ಶಾಲೆಯಲ್ಲಿ ನಾವು ಒಟ್ಟಿಗೇ ಓದಿದ್ದೇವೆ. ಅದಕ್ಕೆ ಶರಣರು ತೆತ್ತ ಬೆಲೆಯನ್ನು ಕೇಳಿ ಕಣ್ಣಲ್ಲಿ ನೀರು ತಂದುಕೊಂಡವರಲ್ಲಿ ಎಲ್ಲ ಮತದ ಮಕ್ಕಳೂ ಇದ್ದರು. ನಿಮ್ಮ ಮನೆಯ ಕಿಟಕಿಯ ಮೇಲೆಯೂ ಒಂದು ಲೋಟವಿದ್ದರೆ, ಅದನ್ನು ನೀವೇ ನೋಡಿಕೊಳ್ಳಿ. ಹೇಳುವ ಅಧಿಕಾರ ನಿಮ್ಮ ಮೇಷ್ಟ್ರಿಗೆ ಇನ್ನೂ ಇದೆಯೆಂದು ಭಾವಿಸಿದ್ದೇನೆ.

ಕೊನೆಗೆ ಆ ಹುಡುಗಿಗೆ ನಾನು ಬರೆದುಕೊಟ್ಟ ನಾಲ್ಕು ಅಂಶಗಳು ಇವು. ಒಂದು, ಮನೆಯಲ್ಲಿ ಬೇರೆ ಲೋಟ, ಬೇರೆ ತಟ್ಟೆಗಳಿದ್ದರೆ ಇಂದೇ ಉಳಿದ ಪಾತ್ರೆಗಳೊಡನೆ ಸೇರಿಸಿಬಿಡುವುದು. ಕೆಲಸದವಳು ಊಟ ಮಾಡುವುದಾದರೆ ನಾವು ಕೂರುವ ಎತ್ತರದಲ್ಲಿಯೇ ಕೂರಿಸುವುದು. ಎರಡು, ಸರ್ಕಾರದ ದರವನ್ನು ವಿಚಾರಿಸಿ, ಅದಕ್ಕೆ ಕಡಿಮೆಯಿಲ್ಲದಂತೆ, ತಿಂಗಳ ಗೊತ್ತಾದ ತಾರೀಖಿನಂದು ಕೇಳುವ ಮೊದಲೇ ಸಂಬಳ ಕೊಡುವುದು. ಮೂರು, ವಾರಕ್ಕೊಂದು ದಿನ ಸಂಬಳಸಹಿತ ರಜೆ. ಭಾನುವಾರದ ಪಾತ್ರೆಗಳನ್ನು ಮನೆಯ ಗಂಡಸರು ತೊಳೆಯುವುದು. ನಾಲ್ಕು, ಮದುವೆಯ ಮಾತುಕತೆಯಲ್ಲಿ ‘ಯಾವ ಕಡೆಯವರು’ ಎಂಬ ಪ್ರಶ್ನೆಯನ್ನು ಕೇಳುವುದಿಲ್ಲವೆಂದು, ಬೇರೆಯವರು ಕೇಳಿದರೆ ಉತ್ತರಿಸುವುದಿಲ್ಲವೆಂದು ಯುವಜನರೇ ನಿರ್ಧರಿಸುವುದು.

ಅವಳು ಓದಿ, ‘ಇದನ್ನು ಹೇಳಿದರೆ ಕೂಟದಲ್ಲಿ ಗಲಾಟೆಯಾಗುತ್ತದೆ ದೊಡ್ಡಪ್ಪ’ ಎಂದಳು. ಆಗಲಿ ಎಂದೆ. ಬಂಧುಗಳಲ್ಲಿ ಯಾರಿಗಾದರೂ ಈ ಬರಹದಿಂದ ಬೇಸರವಾಗಿದ್ದರೆ ನೇರವಾಗಿ ನನಗೇ ಬರೆಯಿರಿ, ಉತ್ತರಿಸುತ್ತೇನೆ. ಮುಂದಿನ ಕ್ರಿಸ್ಮಸ್‌ಗೆ ನಿಮ್ಮ ಮನೆಗಳಿಗೆ ಎಂದಿನಂತೆ ಬರುವವನಿದ್ದೇನೆ. ನೀರು ಬೇಕಾದಾಗ ಅಡುಗೆಮನೆಗೆ ನಾನೇ ಹೋಗಿ ಕುಡಿಯುವ ಅಭ್ಯಾಸ ನನಗಿದೆಯೆಂಬುದು ನಿಮಗೆಲ್ಲ ಗೊತ್ತೇ ಇದೆ.